ಹೊಟ್ಟೆನೋವಿಗೆ ಗ್ರೀಕ್ ಹೆಸರಿಡುವ ಕ್ರಮ

ಹೊಟ್ಟೆ ನೋಯುತ್ತಿದೆ ಎಂದು ಯಾರಿಗೂ ಹೇಳಬೇಡಿ. ಹೇಳಿದ ತಕ್ಷಣ ಎದುರಿಗಿರುವವರು 'ನಿನ್ನೆ ಏನು ತಿಂದೆ?' ಎಂದು ಕೇಳುತ್ತಾರೆ. ಉತ್ತರ ನಿಮಗೆ ಗೊತ್ತಿರುತ್ತದೆ, ಅದೇ ತೊಂದರೆ. ಬದಲಿಗೆ ಎರಡು ಬೆರಳನ್ನು ಎದೆಗೂಡಿನ ಕೆಳಗಿಟ್ಟು, 'ಸ್ವಲ್ಪ ಎಪಿಗ್ಯಾಸ್ಟ್ರಿಕ್ ಡಿಸ್‌ಕಂಫರ್ಟು' ಎನ್ನಿ. ಕೇಳಿದವರು ಸುಮ್ಮನಾಗುತ್ತಾರೆ, ಕೆಲವರು ಕುರ್ಚಿಯನ್ನೂ ಎಳೆದು ಕೊಡುತ್ತಾರೆ. 'ಎಪಿ' ಎಂದರೆ ಮೇಲೆ, 'ಗ್ಯಾಸ್ಟರ್' ಎಂದರೆ ಹೊಟ್ಟೆ. ಹೊಟ್ಟೆಯ ಮೇಲ್ಭಾಗದಲ್ಲಿ ಕಿರಿಕಿರಿ ಎಂಬುದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚಿಗೆ ನೀವು ಹೇಳಿಲ್ಲ. ಆದರೆ ರಾತ್ರಿಯ ನಾಟಿಕೋಳಿ ಸಾರು, ಮೂರು ಮುದ್ದೆ, ಸಾರು ಉಳಿಯಿತೆಂದು ಹಾಕಿಸಿಕೊಂಡ ನಾಲ್ಕನೆಯದರ ಅರ್ಧ, ಎಲ್ಲವೂ ಮಾತಿನಿಂದ ಮಾಯವಾಗಿವೆ.

ಈ ವಿದ್ಯೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಷ್ಟು ಅರ್ಹರು ಬೇರೆ ಸಿಗುವುದು ಕಷ್ಟ. ಮೆಡಿಕಲ್ ಕಾಲೇಜು ರಾಮನಗರದಲ್ಲಿರಬೇಕೋ ಕನಕಪುರಕ್ಕೆ ಹೋಗಬೇಕೋ ಎಂದು 2023ರಲ್ಲಿ ಬೀದಿಗಿಳಿದ ಜನ ನಾವು. ಕಾಲೇಜು ಎಲ್ಲಾದರೂ ಏಳಲಿ, ಪಾಠವನ್ನು ಮನೆಯ ಜಗುಲಿಯ ಮೇಲೆ ಈಗಲೇ ಶುರುಮಾಡಿ. ಹೆಸರು ಬದಲಾದರೆ ವಸ್ತುವೂ ಬದಲಾಗುತ್ತದೆ ಎಂಬ ನಂಬಿಕೆಯಿಲ್ಲದೆ ಈ ವಿದ್ಯೆ ಕೈಗೆ ಹತ್ತದು. ಆ ನಂಬಿಕೆಯೂ ನಮ್ಮಲ್ಲಿ ಧಾರಾಳವಾಗಿದೆ. ದಿವಾನ್ ಪೂರ್ಣಯ್ಯನವರು ರೆಸಿಡೆಂಟ್ ಬ್ಯಾರಿ ಕ್ಲೋಸ್ ಸಾಹೇಬರ ಹೆಸರಿನಲ್ಲಿ ಕಟ್ಟಿಸಿದ ಕ್ಲೋಸ್‌ಪೇಟೆ ರಾಮನಗರವಾಯಿತು, ಕಾನಕಾನಹಳ್ಳಿ ಕನಕಪುರವಾಯಿತು, 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಬೆಟ್ಟ, ಬಿಸಿಲು, ಬಸ್ಸಿನ ನೂಕುನುಗ್ಗಲು ಇದ್ದಂತೆಯೇ ಇವೆ.

ಮೊದಲು ಪದ ಜೋಡಿಸುವುದನ್ನು ಕಲಿಯಿರಿ. ಅದಕ್ಕಾಗಿ ಚನ್ನಪಟ್ಟಣದಲ್ಲಿ ಯಾವುದಾದರೂ ಗೊಂಬೆ ಮಾಡುವ ಮನೆಯ ಬಾಗಿಲಲ್ಲಿ ನಿಂತು ನೋಡಿ. ಹಾಲೆಮರದ ತುಂಡು ತಿರುಗುತ್ತಿರುತ್ತದೆ. ಉಳಿ ತಾಗಿಸಿದಲ್ಲಿ ಸೊಂಟ, ತಾಗಿಸದಲ್ಲಿ ಹೊಟ್ಟೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಗರಿ ಹಿಡಿದರೆ ಹೊಳಪು ಬರುತ್ತದೆ. ತಲೆ ಬೇರೆ, ಮುಂಡ ಬೇರೆ, ಚಕ್ರ ಬೇರೆ ತಯಾರಾಗಿ ಬುಟ್ಟಿಯಲ್ಲಿ ಬಿದ್ದಿರುತ್ತವೆ. ಯಾವ ತಲೆಯನ್ನು ಯಾವ ಮುಂಡಕ್ಕೆ ಕೂರಿಸಿದರೂ ಒಂದು ಗೊಂಬೆಯಾಗುತ್ತದೆ. ವೈದ್ಯರ ಪದಗಳೂ ಹೀಗೆಯೇ. ತಲೆಗಳು: ಹೈಪರ್ (ಹೆಚ್ಚು), ಹೈಪೋ (ಕಡಿಮೆ), ಡಿಸ್ (ಕೆಟ್ಟದ್ದು), ಎಪಿ (ಮೇಲೆ), ಡಯಾ (ಮೂಲಕ). ಮುಂಡಗಳು: ಸ್ಟೊಮ್ಯಾಟ್ ಬಾಯಿ, ಗ್ಲಾಸ್ ನಾಲಿಗೆ, ಗ್ಯಾಸ್ಟ್ರ್ ಜಠರ, ಎಂಟರ್ ಕರುಳು, ಹೆಪಟ್ ಲಿವರ್, ಕೊಲ್ ದೊಡ್ಡ ಕರುಳು, ಪ್ರಾಕ್ಟ್ ಗುದ. ಬಾಲಗಳು: ಐಟಿಸ್ ಉರಿಯೂತ, ಆಲ್ಜಿಯಾ ನೋವು, ಮೆಗಲಿ ದೊಡ್ಡದಾಗುವಿಕೆ, ಸ್ಕೋಪಿ ಇಣುಕಿ ನೋಡುವುದು. ನಡುವೆ ಸಡಿಲವಾದರೆ ಒಂದು 'ಓ'ಕಾರ ಬಡಿಯಿರಿ, ಬೆಣೆಯ ಕೆಲಸ ಅದು ಮಾಡುತ್ತದೆ. ಗ್ಯಾಸ್ಟ್ರ್, ಓ, ಎಂಟರ್, ಓ, ಲಜಿ ಸೇರಿದರೆ ಗ್ಯಾಸ್ಟ್ರೋಎಂಟರಾಲಜಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯಿದೆ. ಅಲ್ಲಿಗೆ ಹೋಗಬೇಡಿ. ಪದವನ್ನು ಬಿಡಿಸಲು ಬಂದವರಿಗೆ ಕಟ್ಟಡದ ಅಗತ್ಯವಿಲ್ಲ.

ಡಾ. ಡಿ.ಎಸ್. ಶಿವಪ್ಪನವರು ಇಂಥ ಪದಗಳನ್ನೆಲ್ಲ ಕನ್ನಡದಲ್ಲಿ ಬಿಡಿಸಿ ನಿಘಂಟು ಮಾಡಿಟ್ಟಿದ್ದಾರೆ. ಅದನ್ನೂ ತೆರೆಯಬೇಡಿ. ತೆರೆದರೆ ಅರ್ಥವಾಗಿಬಿಡುವ ಅಪಾಯವಿದೆ, ಅರ್ಥವಾದ ಪದಕ್ಕೆ ಯಾರೂ ಕುರ್ಚಿ ಕೊಡುವುದಿಲ್ಲ.

ಈಗ ಅಭ್ಯಾಸ. 'ನನಗೆ ಗ್ಯಾಸ್ಟ್ರಿಕ್ ಇದೆ' ಎನ್ನುವುದರಿಂದ ಆರಂಭಿಸಿ. ಗ್ಯಾಸ್ಟ್ರಿಕ್ ಎಂದರೆ 'ಹೊಟ್ಟೆಗೆ ಸಂಬಂಧಿಸಿದ' ಎಂದಷ್ಟೇ. ಹೊಟ್ಟೆಗೆ ಸಂಬಂಧಿಸಿದ ಏನು ಎಂಬುದನ್ನು ಹೇಳಬೇಡಿ, ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ. ಇಡೀ ಹಳೇ ಮೈಸೂರು ಸೀಮೆ ಅಲ್ಲಿಗೇ ನಿಲ್ಲಿಸುತ್ತದೆ. ಗ್ಯಾಸ್ಟ್ರಿಕ್ಕಿಗೂ ಗ್ಯಾಸಿಗೂ ನೆಂಟಸ್ತಿಕೆಯಿಲ್ಲ. ಗ್ಯಾಸ್ ಎಂಬುದು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ 'ಕೇಯಾಸ್' ಎಂಬ ಗ್ರೀಕ್ ಪದದಿಂದ ಟಂಕಿಸಿದ ಬೇರೆಯೇ ಮಾತು. ಇದನ್ನು ತಿಳಿದ ಮೇಲೂ ಎರಡನ್ನೂ ಬೆರೆಸಿಯೇ ಬಳಸಿ, ಇಲ್ಲದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ನಿಮ್ಮ ಮಾತು ತಿಳಿಯುವುದಿಲ್ಲ. ಇನ್ನು ಗ್ಯಾಸ್ಟ್ರೈಟಿಸ್. ಗ್ಯಾಸ್ಟ್ರ್ ಹೊಟ್ಟೆ, ಐಟಿಸ್ ಉರಿ, ಅಂದರೆ ಹೊಟ್ಟೆಯುರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕುಳಿತಾಗ, ದಾಯಾದಿಯ ಎರಡು ಎಕರೆ ಯಾವ ರೇಟಿಗೆ ಹೋಯಿತೆಂದು ತಿಳಿದು ಶುರುವಾಗುತ್ತದಲ್ಲ, ಅದೂ ಇದೇ ಎಂದು ತಿಳಿಯಿರಿ. ಎರಡಕ್ಕೂ ಒಂದೇ ಮಾತ್ರೆ ನುಂಗಿ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ನಿಂತಾಗ ಮಾತ್ರ ಎಚ್ಚರವಾಗಿರಿ. ಅಲ್ಲಿ ಈಲಿ ಯಾವುದು, ಬೋಟಿ ಯಾವುದು, ಬೋಟಿಯಲ್ಲಿ ಹೊಟ್ಟೆಯ ಪಾಲೆಷ್ಟು ಕರುಳಿನ ಪಾಲೆಷ್ಟು, ಯಾವುದನ್ನು ಬಿಸಿನೀರಿನಲ್ಲಿ ಉಜ್ಜಬೇಕು, ಪಿತ್ತದ ಚೀಲ ಒಡೆದರೆ ಈಲಿ ಹೇಗೆ ಕಹಿಯಾಗುತ್ತದೆ ಎಂಬುದೆಲ್ಲ ನಿಮಗೆ ಕರತಲಾಮಲಕ. ಅಂದರೆ ಜೀರ್ಣಾಂಗದ ಅಂಗರಚನೆ ನಿಮಗೆ ಈಗಾಗಲೇ ಬರುತ್ತದೆ. ಈ ಜ್ಞಾನ ಆಡಿನ ಮಟ್ಟಕ್ಕೇ ಸೀಮಿತ ಎಂದು ಭಾವಿಸಿ ಅಂಗಡಿಯಲ್ಲೇ ಬಿಟ್ಟು ಬನ್ನಿ. ನಿಮ್ಮ ಲಿವರು ಹೆಚ್ಚುಕಡಿಮೆ ಒಂದೂವರೆ ಕೆಜಿ ತೂಗುತ್ತದೆ. ಅದನ್ನು ಈಲಿ ಎಂದು ಕರೆದರೆ ಅದಕ್ಕೆ ಅವಮಾನ.

ಉಚ್ಚಾರಣೆ ಬಗ್ಗೆ ಒಂದಿಷ್ಟು. ಪಿತ್ತಕ್ಕೆ ಗ್ರೀಕಿನಲ್ಲಿ ಇರುವ ಪದ ನಮ್ಮ ಲಿಪಿಗೆ ಇಳಿದಾಗ 'ಕೊಲೆ' ಆಗುತ್ತದೆ. ಕೊಲೆಲಿಥಿಯಾಸಿಸ್ ಎಂದರೆ ಪಿತ್ತಕೋಶದಲ್ಲಿ ಕಲ್ಲು: ಲಿಥ್ ಎಂದರೆ ಕಲ್ಲು. ಕನಕಪುರದ ಕ್ವಾರಿಗಳ ನಡುವೆ ಬೆಳೆದವರಿಗೆ ಕಲ್ಲು ಹೊಸದಲ್ಲ, ಆದರೆ ಹೊಟ್ಟೆಯೊಳಗಿನದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಕೊಲೆಸಿಸ್ಟೆಕ್ಟಮಿ ಎಂದರೆ ಆ ಚೀಲವನ್ನೇ ತೆಗೆದುಹಾಕುವುದು. ಇದನ್ನು ಮನೆಯಲ್ಲಿ ತಿಳಿಸುವಾಗ ಮೊದಲ ಎರಡು ಅಕ್ಷರಗಳ ಬಳಿಕ ಚೆನ್ನಾಗಿ ಉಸಿರೆಳೆದುಕೊಳ್ಳಿ. 'ಡಾಕ್ಟ್ರು ನಾಳೆ ಬೆಳಿಗ್ಗೆ ಕೊಲೆ...' ಎಂದು ನಿಲ್ಲಿಸಿದರೆ ಅತ್ತೆಯವರು ಆಗಲೇ ಬಸ್ಸು ಹತ್ತಿ ಬರುತ್ತಾರೆ. ಬಾಲದಲ್ಲೂ ಮೂರು ಬಗೆಯಿದೆ: ಒಟಮಿ ಎಂದರೆ ಕೊಯ್ದು ತೆರೆಯುವುದು, ಎಕ್ಟಮಿ ಎಂದರೆ ಕೊಯ್ದು ತೆಗೆಯುವುದು, ಆಸ್ಟಮಿ ಎಂದರೆ ಕೊಯ್ದು ಬಾಯಿ ಮಾಡಿ ಹಾಗೆಯೇ ಬಿಡುವುದು. ಸಹಿ ಹಾಕುವ ಫಾರಂನಲ್ಲಿ ಮೂರರಲ್ಲಿ ಯಾವುದಿದೆ ಎಂದು ನೋಡುತ್ತಾ ಕೂರಬೇಡಿ. ಕೊಲಾಸ್ಟಮಿ ಎಂಬುದು ಗೋಕುಲಾಷ್ಟಮಿಯ ಆಸುಪಾಸಿನಲ್ಲಿ ಬರುವ ಯಾವುದೋ ತಿಥಿ ಇರಬೇಕೆಂದು ತಿಳಿದು ರುಜು ಮಾಡಿ. ಸಣ್ಣ ಕರುಳಿನ ಕೊನೆಯ ಭಾಗ ಇಲಿಯಂ, ಸೊಂಟದ ಮೂಳೆಯೂ ಇಲಿಯಂ. ಇಂಗ್ಲಿಷಿನಲ್ಲಿ ಒಂದಕ್ಷರದ ವ್ಯತ್ಯಾಸವಿದೆ, ಕನ್ನಡದಲ್ಲಿ ಅದೂ ಇಲ್ಲ. ಯಾವ ಇಲಿ ಎಂದು ಕೇಳದೆ ಇದ್ದರೆ ಸಂಭಾಷಣೆ ಸುಗಮವಾಗಿ ಸಾಗುತ್ತದೆ. 'ಓಮಾ' ಎಂಬ ಬಾಲ ಬಂದರೆ ಗಡ್ಡೆ ಎಂದರ್ಥ. ಆದರೆ ನಿಮಗೆ ಗೊತ್ತಿರುವುದು ಅಜ್ಜಿ ಕುದಿಸಿ ಕೊಡುವ ಓಮ. ರಿಪೋರ್ಟಿನಲ್ಲಿ ಓಮಾ ಕಂಡರೆ ಓಮದ ಕಷಾಯ ಕುಡಿದು ಆರು ತಿಂಗಳು ಕಾಯಿರಿ.

ಮಾಗಡಿಯವರಿಗೆ ಪ್ರತ್ಯೇಕ ಸೂಚನೆ. ಡಿಸೆಂಬರು ಬಂತೆಂದರೆ ಸೊಗಡಿನ ಅವರೆಕಾಯಿ, ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಮತ್ತೆ ಸಾರು. ಅವರೆಯಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಅವು ಇಡಿಯಾಗಿ ದೊಡ್ಡ ಕರುಳು ತಲುಪುತ್ತವೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಗಾಳಿ ಮಾಡುತ್ತವೆ. ಕಾಳು ನೆನೆಹಾಕಿ ಆ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಚೆಲ್ಲಬೇಡಿ, ಸೊಗಡು ಹೋಗುತ್ತದೆ. ಇದರಿಂದ ಹೊಟ್ಟೆ ಉಬ್ಬುವುದಕ್ಕೆ ಮೀಟಿಯೋರಿಸಂ ಎಂಬ ಘನವಾದ ಪದವಿದೆ. ಮೇಲಕ್ಕೆ ಏರಿದ್ದು ಎಂದು ಅದರ ಗ್ರೀಕ್ ಮೂಲ, ಉಲ್ಕೆಗೂ ಅದೇ ಮೂಲ. ಗುಡುಗುಡು ಸದ್ದಿಗೆ ಬಾರ್ಬರಿಗ್ಮಸ್ ಎನ್ನುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರ ಹೊಟ್ಟೆಯೂ ಹಾಗೆಯೇ ಸದ್ದು ಮಾಡುತ್ತಿತ್ತು, ಅವರು ಕೇಳಿದ್ದನ್ನೇ ಬರೆದುಕೊಂಡರು. ಮದುವೆ ಮನೆಯಲ್ಲಿ ಪಕ್ಕದವರು ತಿರುಗಿ ನೋಡಿದರೆ 'ಬಾರ್ಬರಿಗ್ಮಸ್' ಎಂದು ಗಂಭೀರವಾಗಿ ಹೇಳಿ ಪಾಯಸಕ್ಕೆ ಕೈ ಚಾಚಿ. ಮೂರನೆಯ ಘಟನೆಗೂ ಪದವಿದೆ, ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದವರು ಎದ್ದು ಹೋಗಿರುತ್ತಾರೆ.

ನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಿ. ಮಂಡಿ ನೋವಿಗೆ ಒಂದು, ಸೊಂಟಕ್ಕೆ ಒಂದು, ಚೀಟಿಯಿಲ್ಲದೆ, ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ತುಂಡಿನಿಂದ. ಇವು ನೋವನ್ನು ತಗ್ಗಿಸುವ ದಾರಿಯಲ್ಲೇ ಜಠರದ ಒಳಪದರವನ್ನು ಕಾಯುವ ರಾಸಾಯನಿಕವನ್ನೂ ತಗ್ಗಿಸುತ್ತವೆ, ಹುಣ್ಣಿಗೆ ದಾರಿಯಾಗುತ್ತದೆ. ರಾಮದೇವರ ಬೆಟ್ಟದ ರಣಹದ್ದುಗಳನ್ನು ನೋಡಿ ಧೈರ್ಯ ತಂದುಕೊಳ್ಳಿ. 'ಶೋಲೆ'ಯ ಬಂಡೆಗಳ ನಡುವೆ 2012ರಲ್ಲಿ ರಣಹದ್ದುಗಳಿಗೆಂದೇ ರಕ್ಷಿತಾರಣ್ಯ ಘೋಷಿಸಬೇಕಾಯಿತು. ಕೊಳೆತ ಹೆಣ, ಅದರೊಳಗಿನ ರೋಗಾಣು, ಎಲ್ಲವನ್ನೂ ಅರಗಿಸುವಷ್ಟು ತೀಕ್ಷ್ಣ ಆಮ್ಲ ಅವುಗಳ ಜಠರದಲ್ಲಿದೆ. ದನಗಳಿಗೆ ಕೊಟ್ಟ ಡೈಕ್ಲೊಫಿನ್ಯಾಕ್ ಎಂಬ ನೋವಿನ ಮದ್ದು ಮಾತ್ರ ಅರಗಲಿಲ್ಲ. ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದ ಉದ್ದಗಲಕ್ಕೂ ಹದ್ದುಗಳು ಉದುರಿದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ನಿಮಗೆ ನಿಷೇಧವಿಲ್ಲ. ಬೆಟ್ಟದ ಕೆಳಗೆ ಅದೇ ಮಾತ್ರೆ ಸಿಗುತ್ತದೆ, ನುಂಗಿ.

ಹುಣ್ಣಾದ ಮೇಲೆ ಖಾರವನ್ನು ಬೈಯಿರಿ, ಸೊಸೆಯನ್ನು ಬೈಯಿರಿ, ಟೆನ್ಷನ್ ಎನ್ನಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಇನ್ನೊಬ್ಬ ಬ್ಯಾರಿ 1984ರಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು, ಅನೇಕ ಹುಣ್ಣುಗಳ ಹಿಂದೆ ಇರುವುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಿ ಎಂದು ಒಪ್ಪಿಸಿದ. ಹೆಲಿಕೋ ಎಂದರೆ ಸುರುಳಿ, ಬ್ಯಾಕ್ಟರ್ ಎಂದರೆ ಕೋಲು, ಪೈಲೋರಸ್ ಎಂದರೆ ದ್ವಾರಪಾಲಕ. ಜಠರದ ಬಾಗಿಲಲ್ಲಿ ಕುಳಿತ ಸುರುಳಿಕೋಲು. ಮಾರ್ಷಲ್ ಮತ್ತು ರಾಬಿನ್ ವಾರನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆ ಮಾಡಿಸಿ ಒಂದೆರಡು ವಾರ ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಮುಗಿಯಬಹುದಾದ ಕೆಲಸ ಇದು. ಅಷ್ಟು ಬೇಗ ಮುಗಿಸಿದರೆ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಆ್ಯಸಿಡ್ ಮಾತ್ರೆ ನುಂಗುವ ಹನ್ನೆರಡು ವರ್ಷದ ಸಂಪ್ರದಾಯ ಏನಾಗಬೇಕು? ಮುಂದುವರಿಸಿ.

ಕೆಲವು ಪದಗಳನ್ನು ಸಂಗ್ರಹಕ್ಕಾಗಿ ಮಾತ್ರ ಇಟ್ಟುಕೊಳ್ಳಿ. ಡಿಸ್ ಎಂದರೆ ಕಷ್ಟ, ಫೇಜಿಯಾ ಎಂದರೆ ತಿನ್ನುವುದು. ಡಿಸ್ಫೇಜಿಯಾ ಎಂದರೆ ನುಂಗಲು ಕಷ್ಟ. ಅಗಿಯದೆ ಮುದ್ದೆ ನುಂಗುವ ನಾಡಿನಲ್ಲಿ ಇದನ್ನು ಪತ್ತೆಹಚ್ಚುವುದು ಬಹಳ ಸುಲಭ. ಮುದ್ದೆ ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿದರೆ ತುತ್ತು ಸಣ್ಣದು ಮಾಡಿ. ಆಮೇಲೆ ಸಾರು ಜಾಸ್ತಿ ಮಾಡಿ. ಆಮೇಲೆ ಅನ್ನಕ್ಕೆ ಬನ್ನಿ, ಆಮೇಲೆ ಗಂಜಿಗೆ. ತೂಕ ಇಳಿದಿದ್ದನ್ನು ಕಂಡವರು 'ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ' ಎನ್ನುತ್ತಾರೆ, ಒಪ್ಪಿಕೊಳ್ಳಿ. ಗಂಜಿಯೂ ಇಳಿಯದಿದ್ದಾಗ ವೈದ್ಯರಲ್ಲಿಗೆ ಹೋದರೆ ಸಾಕು. ಘನದಿಂದ ದ್ರವದವರೆಗೆ ಕ್ರಮವಾಗಿ ಬಂದ ಇತಿಹಾಸವನ್ನು ಹೇಳಿದಾಗ ಅವರ ಮುಖ ಗಂಭೀರವಾಗುತ್ತದೆ, ಅದು ನಿಮ್ಮ ನಿರೂಪಣೆಗೆ ಸಂದ ಗೌರವ. ಹಾಗೆಯೇ ಮೆಲೀನಾ: ಮೆಲಾಸ್ ಎಂದರೆ ಕಪ್ಪು. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿದೆ ಎಂದು ವೈದ್ಯರು ಅವಸರ ಮಾಡುತ್ತಾರೆ. ನೀವು ಮಾಡಬೇಡಿ. ಕಬ್ಬಿಣಾಂಶದ ಮಾತ್ರೆಗೂ ಕಪ್ಪಾಗುತ್ತದೆ ಎಂದು ಎಲ್ಲೋ ಓದಿದ್ದು ನೆನಪು ಮಾಡಿಕೊಳ್ಳಿ. ಆ ಮಾತ್ರೆ ತೆಗೆದುಕೊಳ್ಳುತ್ತಿರುವುದು ನೀವಲ್ಲ ನಿಮ್ಮ ಮಗಳು ಎಂಬುದು ಸಣ್ಣ ವಿಷಯ. ಮೆಲೀನಾ ಚೆಂದದ ಹೆಸರು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ. ಮೂರು ಜನ ಹೆಬ್ಬೆರಳು ಎತ್ತುತ್ತಾರೆ.

ಭೇದಿ ಎಂಬ ಪದವನ್ನಂತೂ ಬಿಟ್ಟೇಬಿಡಿ. ಡಯಾ ಎಂದರೆ ಮೂಲಕ, ರಿಯಾ ಎಂದರೆ ಹರಿವು, ಡಯೇರಿಯಾ. ಮೂಲಕ ಹರಿದುಹೋಗುತ್ತಿರುವುದು ನೀರು ಮತ್ತು ಉಪ್ಪು. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ತಂದು ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಸಿಗುವುದರಲ್ಲಿ ಗೌರವವಿಲ್ಲ, ಡ್ರಿಪ್ಪೇ ಹಾಕಿಸಿಕೊಳ್ಳಿ. ಬಾಟಲಿ ಇಳಿಯುವಾಗ ನೋಡಲು ಬಂದವರು ಎಳನೀರು, ಸೇಬು ತರುತ್ತಾರೆ.

ಇನ್ನು ಈ ಕೈಪಿಡಿಯ ಮುಖ್ಯ ಪಾಠ, ಇದನ್ನು ನಿಧಾನವಾಗಿ ಓದಿ. ಅನ್ನನಾಳ ಬಂದು ಜಠರಕ್ಕೆ ಸೇರುವ ಜಾಗಕ್ಕೆ ಕಾರ್ಡಿಯಾ ಎಂದು ಹೆಸರು. ಕಾರ್ಡಿಯಾ ಎಂದರೆ ಹೃದಯ. ಜಠರದ ಆ ಬಾಯಿ ಹೃದಯಕ್ಕೆ ಅಷ್ಟು ಹತ್ತಿರವಿರುವುದರಿಂದ ಹಿಂದಿನವರು ಅದೇ ಹೆಸರನ್ನು ಇಟ್ಟುಬಿಟ್ಟರು. ಎದೆಯುರಿಗೆ ಇಂಗ್ಲಿಷಿನವರು ಇಟ್ಟ ಹೆಸರಿನಲ್ಲೂ ಹೃದಯವಿದೆ, ಉರಿಯುವುದು ಅನ್ನನಾಳ. ಪದಗಳೇ ಇಷ್ಟು ಉದಾರವಾಗಿ ಗೊಂದಲ ಮಾಡಿಕೊಟ್ಟಿರುವಾಗ ಅದರ ಪೂರ್ತಿ ಲಾಭ ಪಡೆಯಿರಿ. ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ, ಬೀಡಿಯಿದೆ. ಬೆಳಗಿನ ಜಾವ ಎದೆಯ ನಡುವೆ ಯಾರೋ ಕೂತ ಹಾಗೆ ಭಾರ, ಎಡಗೈ ಜೋಮು, ಹಣೆಯಲ್ಲಿ ತಣ್ಣನೆಯ ಬೆವರು. 'ಗ್ಯಾಸ್ಟ್ರಿಕ್' ಎನ್ನಿ. ಮನೆಯವರು ಗಾಬರಿಯಾದರೆ ಕಾರ್ಡಿಯಾ ಎಂಬುದು ಜಠರದ ಭಾಗ ಎಂದು ವಿವರಿಸಿ. ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿಸಿ ಕುಡಿಯಿರಿ. ತೇಗು ಬರುತ್ತದೆ. ಸೋಡಾ ಕುಡಿದರೆ ಯಾರಿಗಾದರೂ ತೇಗು ಬರುತ್ತದೆ, ಆದರೆ ನೀವು ಅದನ್ನು ರೋಗನಿರ್ಣಯ ಎಂದು ಭಾವಿಸಿ.

'ಆಸ್ಪತ್ರೆಗೆ ಹೋಗಾಣ ನಡೀರಿ ಅಂದ್ರೆ,' ಹೆಂಡತಿ ಅನ್ನುತ್ತಾರೆ.

'ತೇಗು ಬಂತಲ್ಲಾ, ಸುಮ್ಕಿರು,' ಎನ್ನಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು ಕೆಲವೇ ನಿಮಿಷದ ಕೆಲಸ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅದನ್ನು ಅಲ್ಲಿಂದಲೇ ಹೃದ್ರೋಗ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯೂ ಇದೆ. ಮೊದಲ ಗಂಟೆಯೊಳಗೆ ಹೋದರೆ ಒಳ್ಳೆಯದು ಎನ್ನುತ್ತಾರೆ. ಆ ಗಂಟೆಯನ್ನು ಸೋಡಾ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯುವುದಕ್ಕೆ ಬಳಸಿ.

ಕೊನೆಗೂ ವೈದ್ಯರ ಚೀಟಿ ಕೈಗೆ ಬಂತೆನ್ನಿ. ಚೀಟಿಯಲ್ಲಿರುವುದು ಗ್ರೀಕ್ ಅಲ್ಲ, ಲ್ಯಾಟಿನ್. ಹಾಗೆಂದು ಹೆದರಬೇಡಿ, ಅದು ಕನ್ನಡವೇ ಎಂದು ತಿಳಿದು ಓದಿ. ಬಿ.ಡಿ. ಎಂದು ಬರೆದಿರುತ್ತಾರೆ. ದಿನಕ್ಕೆ ಎರಡು ಸಲ ಎಂಬುದು ಅವರ ಅಭಿಪ್ರಾಯ. ನೀವು 'ಬಿಡಿ' ಎಂದು ಓದಿ, ಬಿ.ಡಿ. ಎದುರಿಗಿರುವ ಮಾತ್ರೆಯನ್ನೆಲ್ಲ ಬಿಡಿ. ಎ.ಸಿ. ಎಂದರೆ ಊಟಕ್ಕೆ ಮೊದಲು. ಮನೆಯಲ್ಲಿ ಎ.ಸಿ. ಇಲ್ಲವಾದ್ದರಿಂದ ಅದನ್ನೂ ಬಿಡಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಕೆಳಗಿನ ನಾಲ್ಕು ಸಾಲು ಮಾತ್ರ ಓದಿ. ಹೆಪಟೋಮೆಗಲಿ ಎಂದಿದ್ದರೆ ಹೆಪಟ್ ಲಿವರ್, ಮೆಗಲಿ ದೊಡ್ಡದು. ದೊಡ್ಡ ಲಿವರು ಇರುವುದು ದೊಡ್ಡ ಮನೆ ಇರುವಷ್ಟೇ ಹೆಮ್ಮೆಯ ವಿಷಯ. ಗ್ರೇಡ್ 1 ಫ್ಯಾಟಿ ಲಿವರ್ ಎಂದಿದ್ದರೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಿರಿ ಎಂದು ತಿಳಿಯಿರಿ, ಮುಂದಿನ ವರ್ಷ ಗ್ರೇಡ್ 2ಕ್ಕೆ ಬಡ್ತಿ ಸಿಗುತ್ತದೆ. ಕುಡಿಯದವರಿಗೂ ಬರುವ ಈ ಕೊಬ್ಬಿಗೆ 2023ರಲ್ಲಿ ಜಗತ್ತಿನ ಲಿವರ್ ತಜ್ಞರೆಲ್ಲ ಸೇರಿ ಹೊಸ ಹೆಸರಿಟ್ಟರು. 'ಫ್ಯಾಟಿ' ಎಂಬ ಪದ ರೋಗಿಗಳಿಗೆ ನೋವು ಮಾಡುತ್ತದೆಯೆಂದು 'ಸ್ಟಿಯಾಟಾಟಿಕ್' ಎಂದರು. ಸ್ಟಿಯರ್ ಎಂದರೆ ಗ್ರೀಕಿನಲ್ಲಿ ಕೊಬ್ಬು. ಕೊಬ್ಬು ಎಂದು ಕನ್ನಡದಲ್ಲಿ ಹೇಳಿದ್ದರೆ ನೀವು ಎಂದೋ ಜಗಳಕ್ಕೆ ಹೋಗುತ್ತಿದ್ದಿರಿ. ಸ್ಟಿಯಾಟಾಟಿಕ್ ಎಂದರೆ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಡುತ್ತೀರಿ.

ಇಲ್ಲಿಯವರೆಗಿನ ಪಾಠ ಹಾಳಾಗುವ ಒಂದು ಜಾಗವಿದೆ, ಹುಳುಮನೆ. ರೇಷ್ಮೆ ಹುಳು ಪೊರೆ ಕಳಚುವ ನಾಲ್ಕನೇ ಜ್ವರ ಎದ್ದು ಹಗಲುರಾತ್ರಿ ಸೊಪ್ಪು ಮೇಯುವ ಕಾಲದಲ್ಲಿ ನೀವು ತಟ್ಟೆಯ ಮುಂದೆ ಬಗ್ಗಿ, ಹಿಕ್ಕೆಯನ್ನು ಬೆರಳಲ್ಲಿ ಒತ್ತಿ ನೋಡುತ್ತೀರಿ. ಗಟ್ಟಿಯಿದ್ದರೆ ಸರಿ. ಮೆತ್ತಗಾಗಿದ್ದರೆ, ಹುಳು ಮೇವು ಬಿಟ್ಟು ಕಕ್ಕುತ್ತಿದ್ದರೆ, ಮೈ ಜೋಲಾಗಿದ್ದರೆ, 'ಸಪ್ಪೆ ರೋಗ' ಎನ್ನುತ್ತೀರಿ. ಹೆಸರು ಬಾಯಿಂದ ಬಿದ್ದ ಕ್ಷಣದಲ್ಲೇ ಕೈ ಕೆಲಸಕ್ಕೆ ಹೋಗಿರುತ್ತದೆ: ರೋಗದ ಹುಳು ಆರಿಸಿ ತೆಗೆಯುವುದು, ಸುಣ್ಣ ಉದುರಿಸುವುದು, ಒದ್ದೆ ಸೊಪ್ಪು ಹಾಕಿದವರಿಗೆ ಬೈಗುಳ, ತಾಂತ್ರಿಕ ಸಹಾಯಕರಿಗೆ ಫೋನು. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ, ಒಂದಕ್ಕೂ ಗ್ರೀಕ್ ಬೇಡ, ಒಂದಕ್ಕೂ ನಾಳೆ ಎನ್ನುವ ಮಾತಿಲ್ಲ, ಏಕೆಂದರೆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಿಗೆ ಹೋಗಬೇಕು. ಈ ಕೆಟ್ಟ ಅಭ್ಯಾಸವನ್ನು ಹುಳುಮನೆಯ ಹೊಸ್ತಿಲು ದಾಟಿ ಒಳಮನೆಗೆ ತರಬೇಡಿ. ಹುಳುವಿನ ಹಿಕ್ಕೆಯನ್ನು ಮುಟ್ಟಿ ನೋಡಿ. ನಿಮ್ಮದನ್ನು ಕಣ್ಣೆತ್ತಿಯೂ ನೋಡದೆ ನೀರು ಹೊಯ್ಯಿರಿ.

ವೈದ್ಯರು ಕೆಲವೊಮ್ಮೆ ಮೋಸ ಮಾಡುತ್ತಾರೆ. ಇಷ್ಟೆಲ್ಲ ಕಲಿತು, 'ಗ್ಯಾಸ್ಟ್ರೋ ಈಸೋಫೇಜಿಯಲ್ ರಿಫ್ಲಕ್ಸ್ ವಿತ್ ಡಿಸ್ಪೆಪ್ಸಿಯಾ' ಎಂದು ತಡವರಿಸದೆ ಒಪ್ಪಿಸಿದ ಮೇಲೆ, ಅವರು ಪೆನ್ನು ಕೆಳಗಿಟ್ಟು, 'ಅದಿರ್ಲಿ ಯಜಮಾನ್ರೆ, ಎಲ್ಲಿ ನೋವು, ಬೆರಳಿಟ್ಟು ತೋರ್ಸಿ. ಹೊರಕಡೆ ಸರಿಯಾಗಿ ಹೋಗ್ತಿದ್ದೀರಾ? ಯಾವ ಬಣ್ಣ?' ಎಂದು ಅಪ್ಪಟ ಕನ್ನಡದಲ್ಲಿ ಕೇಳಿಬಿಡುತ್ತಾರೆ. ಪಕ್ಕದಲ್ಲಿ ಸೊಸೆ ಇರುತ್ತಾಳೆ, ಬಾಗಿಲಲ್ಲಿ ಮುಂದಿನ ರೋಗಿ ಇಣುಕುತ್ತಿರುತ್ತಾನೆ. ಉತ್ತರಿಸಬೇಡಿ. 'ನಾರ್ಮಲ್' ಎನ್ನಿ. ಗ್ರೀಕೂ ಅಲ್ಲದ ಕನ್ನಡವೂ ಅಲ್ಲದ ಈ ಒಂದು ಪದ ಎಂಥ ಪರೀಕ್ಷೆಯಿಂದಲೂ ಪಾರುಮಾಡುತ್ತದೆ. ಮತ್ತೂ ಒತ್ತಾಯಿಸಿದರೆ ಬೇರೆ ವೈದ್ಯರನ್ನು ಹುಡುಕಿ. ಅವರಿಗೆ ಹಳೇ ಫೈಲು ತೋರಿಸಬೇಡಿ, ಮೊದಲಿಂದ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಿ.

ಅಲ್ಲಿಗೆ ಜೀರ್ಣಾಂಗ ಮುಗಿಯಿತು. ಪ್ರಾಕ್ಟ್ ಎಂಬ ಮುಂಡವನ್ನು ನಾನು ವಿವರಿಸಿಲ್ಲ, ಮೂಲವ್ಯಾಧಿಗೆ ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಬೇಕಾದಷ್ಟು ಸಾಹಿತ್ಯ ಕನ್ನಡದಲ್ಲೇ ಲಭ್ಯವಿದೆ, ಫೋನ್ ನಂಬರಿನ ಸಮೇತ. ಮುಂದಿನ ತಿಂಗಳು ನೆಫ್ರ್ ಎಂಬ ಮುಂಡವನ್ನೂ ಲಿಥ್ ಎಂಬ ಕಲ್ಲನ್ನೂ ಜೋಡಿಸಿ ಕಿಡ್ನಿಯ ಪಾಠ ಮಾಡುತ್ತೇನೆ. ಪೂರ್ವಸಿದ್ಧತೆಯಾಗಿ ಅಲ್ಲಿಯವರೆಗೆ ನೀರು ಕಡಿಮೆ ಕುಡಿಯಿರಿ.